ನಡುಗುವವರ ಕುರ್ಚಿ

ನಮ್ಮ ಲ್ಯಾಬಿನಲ್ಲಿ ಕಟ್ಟುಹಲ್ಲು ತಯಾರಾಗುತ್ತದೆ. ಆದರೆ ನಾವು ಯಾರೂ ಒಂದು ಬಾಯಿಯನ್ನೂ ನೋಡಿದವರಲ್ಲ. ದಂತವೈದ್ಯರು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಅದರೊಳಗೆ ಪ್ಲಾಸ್ಟರ್ ಸುರಿದು ಒಸಡಿನ ಪಡಿಯಚ್ಚು ತೆಗೆಯುವವನು ಒಬ್ಬ. ಅದರ ಮೇಲೆ ಮೇಣ ಹಚ್ಚಿ ಒಂದೊಂದೇ ಹಲ್ಲು ನಿಲ್ಲಿಸುವವರು ಮೂವರು. ಬೆಂದು ಗಟ್ಟಿಯಾಗಿ ಬಂದ ಸೆಟ್ಟನ್ನು ಅರದಿಂದ ಉಜ್ಜಿ, ಚಕ್ರಕ್ಕೆ ಕೊಟ್ಟು, ಹೊಳೆಯುವಂತೆ ಮಾಡುವವಳು ನಾನು. ಹಲ್ಲು ನಿಲ್ಲಿಸುವವರಿಗೆ ಕಿಟಕಿ ಬದಿಯ ಮೇಜು, ಒಳ್ಳೆಯ ದೀಪ, ಮಾತಿನಲ್ಲಿ ಮರ್ಯಾದೆ. ಉಜ್ಜುವವಳಿಗೆ ಗೋಡೆ ಬದಿಯ ಹಲಗೆ, ಮೂಗಿನ ತುಂಬ ಗುಲಾಬಿ ಬಣ್ಣದ ಧೂಳು.

ನಾನು ಉಜ್ಜುವುದಕ್ಕೆ ಅಂತ ಸೇರಿದವಳಲ್ಲ. ಹಲ್ಲು ನಿಲ್ಲಿಸುವ ತರಬೇತಿ ಮುಗಿಸಿ, ಮಾದರಿ ಸೆಟ್ಟೊಂದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬಂದಿದ್ದೆ. ಮಾಲೀಕರ ಕೆಳದವಡೆ ಕೊಂಚ ಮುಂದಕ್ಕೆ ಚಾಚಿಕೊಂಡಿದೆ. ಬೆನ್ನ ಹಿಂದೆ ಎಲ್ಲರಿಗೂ ಅವರು ದವಡೆ ಸಾಹೇಬರು. ಅವರು ನನ್ನ ಸೆಟ್ಟನ್ನು ತಿರುಗಿಸಿ ನೋಡಿ "ಪರವಾಗಿಲ್ಲ" ಅಂದರು. ಕಿಟಕಿ ಮೇಜಿನಲ್ಲಿ ಜಾಗವಿರಲಿಲ್ಲ. ಗೋಡೆ ಬದಿಯ ಕುರ್ಚಿ ಆಗಷ್ಟೇ ಖಾಲಿಯಾಗಿತ್ತು, ಅಲ್ಲೇ ಕೂತು ಹಲ್ಲು ನಿಲ್ಲಿಸು ಅಂದರು. ಅದರಲ್ಲಿ ಕೂರುತ್ತಿದ್ದ ಮುದುಕರು ಕೈನಡುಕ ಬಂದು ಕೆಲಸ ಬಿಟ್ಟಿದ್ದರು; ಅವರಿಗೆ ನಡುಗಜ್ಜ ಅಂತ ಹೆಸರಾಗಿತ್ತು. ಅವರಿಗಿಂತ ಮೊದಲು ಅದೇ ಕುರ್ಚಿಯಲ್ಲಿದ್ದ ಹೆಂಗಸಿಗೂ ಕೈ ನಡುಗುತ್ತಿತ್ತಂತೆ. ಇದನ್ನೆಲ್ಲ ಮೊದಲ ದಿನವೇ ನಗುನಗುತ್ತ ಹೇಳಿದರು. ನಾನೂ ನಕ್ಕೆ. ಒಂದೇ ಕುರ್ಚಿಯಲ್ಲಿ ಒಬ್ಬರಾದ ಮೇಲೊಬ್ಬರು ಕೂತು ನಡುಗಿದರೆ ಬುದ್ಧಿ ಇರುವವರು ಏನನ್ನಾದರೂ ಯೋಚಿಸುತ್ತಾರೆ. ನಮ್ಮವರು ಅಡ್ಡಹೆಸರು ಯೋಚಿಸಿದರು.

ನನ್ನ ಸರದಿ ಬರಲು ಹೆಚ್ಚು ಕಾಲ ಹಿಡಿಯಲಿಲ್ಲ. ಮೇಣದ ಚಾಕು ಹಿಡಿದು ಹಲ್ಲಿನ ಬುಡ ತೀಡಲು ಹೋದರೆ ತುದಿ ಸಣ್ಣಗೆ ಕುಣಿಯುತ್ತಿತ್ತು. ಬಿಗಿಯಾಗಿ ಹಿಡಿದಷ್ಟೂ ಹೆಚ್ಚು ಕುಣಿಯುತ್ತಿತ್ತು. ದವಡೆ ಸಾಹೇಬರು ಒಂದು ದಿನ ನನ್ನ ಬೆನ್ನ ಹಿಂದೆ ನಿಂತು ನೋಡಿದರು. ತೂಕದ ಮಷೀನಿನಿಂದ ಚೀಟಿ ಬೀಳುವಷ್ಟು ಹೊತ್ತೂ ಹಿಡಿಯಲಿಲ್ಲ, ತೀರ್ಪು ಬಿತ್ತು.

"ಕೆಲವರ ಕೈಯೇ ಹಾಗಮ್ಮಾ. ನಿನ್ನ ತಪ್ಪೇನಿಲ್ಲ. ಹುಟ್ಟಿನಿಂದ ಬರುತ್ತೆ. ಉಜ್ಜೋ ಕೆಲ್ಸ ನೋಡ್ಕೋ, ಚಕ್ರಕ್ಕೆ ನಡುಕ ಗೊತ್ತಾಗಲ್ಲ."

ನಾನು ತಲೆಯಾಡಿಸಿದೆ. ಹುಟ್ಟಿನಿಂದ ಬಂದದ್ದು ಅಷ್ಟು ವರ್ಷ ಎಲ್ಲಿ ಅಡಗಿತ್ತು ಅಂತ ಕೇಳಬಹುದಿತ್ತು. ಕೇಳಲಿಲ್ಲ. ದೊಡ್ಡವರು ಹೇಳಿದ ಮೇಲೆ ಇರಬೇಕು ಅಂದುಕೊಂಡೆ. ಮಧ್ಯಾಹ್ನ ಊಟದ ವಿರಾಮದಲ್ಲಿ ಕೈ ನೆಟ್ಟಗಿರುತ್ತಿತ್ತು. ಅದಕ್ಕೂ ಲ್ಯಾಬಿನಲ್ಲಿ ಉತ್ತರ ಸಿದ್ಧವಿತ್ತು: "ಹೊಟ್ಟೆಗೆ ಬಿದ್ದ ಮೇಲೆ ನಿಲ್ಲುತ್ತೆ ನೋಡು, ಶಕ್ತಿ ಇಲ್ಲ ನಿಂಗೆ." ಸಾಯಂಕಾಲ ಮನೆಯಲ್ಲಿ ನಡುಗದಿದ್ದರೆ, "ದಣಿದ ಮೇಲೆ ನರ ಮಲಗುತ್ತೆ." ನಡುಗಿದರೂ ಸಾಕ್ಷಿ, ನಡುಗದಿದ್ದರೂ ಸಾಕ್ಷಿ.

ಹೀಗೆ ಹದಿನಾಲ್ಕು ವರ್ಷ ಉಜ್ಜಿದೆ. ಈ ನಡುಕ ಲ್ಯಾಬಿನಲ್ಲೇ ಉಳಿದಿದ್ದರೆ ಅಷ್ಟು ಬೇಸರವಿರಲಿಲ್ಲ. ಅದು ನನ್ನ ಜತೆ ಮನೆಗೂ ಬಂತು. ನಾನಿರುವುದು ಅಕ್ಕ, ಭಾವನ ಮನೆಯ ಮಹಡಿಯ ಕೋಣೆಯಲ್ಲಿ. ಯಾರಾದರೂ ಬಂದಾಗ ನಾನು ಟೀ ತಟ್ಟೆ ಎತ್ತಿದರೆ ಅಕ್ಕ ಓಡಿಬಂದು "ಕೊಡು ಕೊಡು, ನಿನ್ನ ಕೈ..." ಅಂತ ಕಿತ್ತುಕೊಳ್ಳುತ್ತಿದ್ದಳು. ಅವಳ ಮೊಮ್ಮಗು ಹುಟ್ಟಿದಾಗ ನನಗೆ ಕೂತಲ್ಲೇ, ತೊಡೆಯ ಮೇಲೆ ದಿಂಬು ಇಟ್ಟು, ಆ ದಿಂಬಿನ ಮೇಲೆ ಮಗುವನ್ನು ಇಟ್ಟರು. ನಾನು ಕೈ ಎರಡನ್ನೂ ಕುರ್ಚಿಯ ಪಕ್ಕಕ್ಕೆ ಇಳಿಬಿಟ್ಟು ಮಗುವನ್ನು ನೋಡಿದೆ. ನನಗೆ ಅದು ಅಸಹಜ ಅನ್ನಿಸಲೂ ಇಲ್ಲ.

ಸಂಜೆ ತರಗತಿಗೆ ಸೇರಿದ್ದು ಕೂಡ ಈ ಲೆಕ್ಕಾಚಾರದಿಂದಲೇ. ಹೊಲಿಗೆ, ಚಿತ್ರಕಲೆ, ಮನೆ ವೈರಿಂಗ್ ಅಂತ ಮೂರಿದ್ದವು. ಸೂಜಿಗೂ ಕುಂಚಕ್ಕೂ ಸ್ಥಿರವಾದ ಕೈ ಬೇಕು, ತಿರುಪುಳಿ ಹಿಡಿಯಲು ಎಂಥ ಕೈಯಾದರೂ ನಡೆದೀತು ಅಂತ ವೈರಿಂಗ್ ಆರಿಸಿಕೊಂಡೆ. ವಾರದಲ್ಲಿ ಮೂರು ಸಂಜೆ. ಅಲ್ಲಿ ನನ್ನ ವಯಸ್ಸಿನವರು ಯಾರೂ ಇರಲಿಲ್ಲ, ಹೆಂಗಸರೂ ಇರಲಿಲ್ಲ. ಮೊದಲ ವಾರವೇ ಬಿಡಬೇಕೆಂದಿದ್ದೆ. ಶುಲ್ಕ ವಾಪಸ್ ಕೇಳಲು ನಾಚಿಕೆಯಾಗಿ ಮುಂದುವರಿಸಿದೆ. ಆಮೇಲೆ ಇಷ್ಟವಾಗಿಬಿಟ್ಟಿತು. ತಂತಿ ಸರಿಯಾಗಿದ್ದರೆ ದೀಪ ಹತ್ತುತ್ತದೆ, ಇಲ್ಲದಿದ್ದರೆ ಇಲ್ಲ. ಯಾರ ಅಭಿಪ್ರಾಯವನ್ನೂ ಕೇಳಬೇಕಾಗಿಲ್ಲ.

ಅಲ್ಲಿನ ಮೇಷ್ಟ್ರು ಒರಟು. ಕನ್ನಡಕದ ಕಾಲು ಮುರಿದು ಟೇಪು ಸುತ್ತಿಕೊಂಡಿದ್ದರು. ದೋಷ ಎಲ್ಲಿದೆ ಅಂತ ಯಾರಾದರೂ ಊಹಿಸಲು ಹೋದರೆ ಬೈಯುತ್ತಿದ್ದರು. "ಊಹೆ ಮಾಡೋಕೆ ನೀನೇನು ಕವಿಯಾ? ಒಂದೊಂದೇ ಬಿಚ್ಚು, ಒಂದೊಂದೇ ಹಾಕು. ಯಾವುದನ್ನ ತೆಗೆದಾಗ ದೋಷ ಹೋಗುತ್ತೋ ಅದೇ ದೋಷ." ನಾನು ಇದನ್ನು ಶ್ರದ್ಧೆಯಿಂದ ಬರೆದುಕೊಂಡೆ. ಸ್ವಿಚ್ಚಿಗೆ, ಫ್ಯಾನಿಗೆ, ಪಂಪಿಗೆ ಎಲ್ಲಕ್ಕೂ ಅನ್ವಯಿಸಿದೆ. ನನಗೆ ಮಾತ್ರ ಅನ್ವಯಿಸಲಿಲ್ಲ.

ವರ್ಷದ ಕೊನೆಗೆ, ಪರೀಕ್ಷೆ ಹತ್ತಿರ ಬಂದಾಗ, ಮೇಷ್ಟ್ರು ನನ್ನನ್ನು ತಡೆದು ನಿಲ್ಲಿಸಿದರು.

"ಲಿಫ್ಟುಗಳಿಗೆ ಕಂಟ್ರೋಲ್ ಪೆಟ್ಟಿಗೆ ಕಟ್ಟೋ ಕಾರ್ಖಾನೆ ಇದೆ. ಒಬ್ಬರು ಬೇಕಂತೆ. ನಿನ್ನ ಹೆಸ್ರು ಹೇಳಿದೀನಿ. ಬರೋ ಶನಿವಾರ ಒಂದಿನ ಕೆಲ್ಸ ಮಾಡಿಸಿ ನೋಡ್ತಾರೆ. ಹೋಗ್ತೀಯೋ ಇಲ್ವೋ ಗುರುವಾರದೊಳಗೆ ಹೇಳು. ಇಲ್ಲ ಅಂದ್ರೆ ಇನ್ನೊಬ್ಬನಿಗೆ ಹೇಳ್ತೀನಿ."

ನನ್ನ ಎದೆ ಹಿಗ್ಗಿದ್ದು ನಿಜ. ಬಾಯಿಂದ ಬಂದದ್ದು ಬೇರೆ.

"ಸಾರ್, ನನ್ನ ಕೈ ನಡುಗುತ್ತೆ."

"ಯಾವ ಕೈ?"

"ಎರಡೂ."

"ವರ್ಷದಿಂದ ನೋಡ್ತಾ ಇದೀನಿ. ನಂಗೆ ಕಾಣ್ಲಿಲ್ವಲ್ಲ."

"ನೀವು ಸರಿಯಾಗಿ ನೋಡಿಲ್ಲ ಸಾರ್."

ಮೇಷ್ಟ್ರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಆಯ್ತು ತಾಯಿ," ಅಂದರು, "ನಿನ್ನ ಕೈ, ನಿನ್ನ ನಡುಕ. ಗುರುವಾರ ಹೇಳು." ನಾನು ದಾರಿಯುದ್ದಕ್ಕೂ ಅವರ ಕನ್ನಡಕದ ಬಗ್ಗೆ ಯೋಚಿಸಿದೆ. ಟೇಪು ಸುತ್ತಿದ ಕನ್ನಡಕದವರಿಗೆ ಸಣ್ಣ ನಡುಕ ಕಾಣದಿರುವುದು ಸಹಜ ಅನ್ನಿಸಿತು. ನನ್ನ ಪರವಾಗಿ ಸಾಕ್ಷಿ ಹೇಳಲು ಬಂದವರ ಕಣ್ಣನ್ನೇ ಅನುಮಾನಿಸುವಷ್ಟು ನಿಷ್ಠೆ ನನಗೆ ನನ್ನ ನಡುಕದ ಮೇಲೆ.

ಮನೆಯಲ್ಲಿ ವಿಷಯ ಹೇಳಿದೆ. ಹೇಳಬಾರದಿತ್ತು ಅಂತಲ್ಲ, ಹೇಳಿದರೆ ಏನಾಗುತ್ತದೆಂದು ಗೊತ್ತಿದ್ದೇ ಹೇಳಿದೆ. ಭಾವ ಹೊಟ್ಟೆಪಾಡಿಗೆ ವಿಮೆ ಮಾರುತ್ತಾರೆ, ಭಾನುವಾರ ಭಾಷಣ ಮಾಡುತ್ತಾರೆ. ಭಾಷಣದ ವಿಷಯ ಯಾವಾಗಲೂ ಒಂದೇ: ಮನುಷ್ಯ ತನ್ನೊಳಗೆ ತಾನೇ ಕಟ್ಟಿಕೊಂಡ ಬೇಲಿ. ಬಾಡಿಗೆ ಸಭಾಂಗಣದಲ್ಲಿ, ಮೈಕು ಹಿಡಿದು, ಬೇಲಿ ಕೀಳಿ, ಬೇಲಿ ಹಾರಿ, ಬೇಲಿ ಸುಡಿ ಅಂತ ಕೂಗುತ್ತಾರೆ, ಜನ ಕಣ್ಣೀರಿಡುತ್ತಾರೆ. ಸೋಮವಾರ ಬೆಳಿಗ್ಗೆ ಅದೇ ಭಾವ, ಮದುವೆಯಾದಾಗಿನಿಂದ ಬೈಯುತ್ತಿರುವ ಅದೇ ಮೇಲಧಿಕಾರಿಯನ್ನು ಬೈಯುತ್ತ, ಅದೇ ಕಚೇರಿಗೆ ಹೋಗುತ್ತಾರೆ.

"ಹಲ್ಲು ಬಿಟ್ಟು ಲಿಫ್ಟಾ?" ಭಾವ ನಕ್ಕರು. "ಲಿಫ್ಟು ಅಂದ್ರೆ ಬರೀ ಮೇಲೆ ಹೋಗುತ್ತೆ ಅಂದ್ಕೊಂಡ್ಯಾ? ಕೆಳಗೂ ಬರುತ್ತಮ್ಮ ಅದು."

"ಸುಮ್ನಿರಿ," ಅಂದಳು ಅಕ್ಕ. ಆಮೇಲೆ ನನ್ನ ಕಡೆ ತಿರುಗಿ, "ಅಲ್ವೇ, ಈ ವಯಸ್ಸಲ್ಲಿ ಯಾಕೆ ಬೇಕು ನಿಂಗೆ? ಕರೆಂಟು ಅಂದ್ರೆ ಆಟವಾ? ಆ ಕೈ ಇಟ್ಕೊಂಡು... ಹಾಸಿಗೆ ಇದ್ದಷ್ಟು ಕಾಲು ಚಾಚ್ಬೇಕು ಕಣೇ."

"ಹಾಸಿಗೆ ಎಷ್ಟುದ್ದ ಇದೆ ಅಂತ ಅಳೆದು ನೋಡಿದವರು ಯಾರಕ್ಕಾ?"

"ಮಾತಿಗೇನು ಕಮ್ಮಿಯಿಲ್ಲ."

"ಭಾವ, ನೀವೇ ಹೇಳ್ತೀರಲ್ಲ, ಎಲ್ಲಾ ಬೇಲಿನೂ ಮನಸ್ಸಿನದ್ದೇ ಅಂತ."

ಭಾವ ಗಂಟಲು ಸರಿಮಾಡಿಕೊಂಡರು. ಮೈಕು ಇಲ್ಲದಿದ್ದರೂ ಅವರಿಗೆ ಆ ಅಭ್ಯಾಸ. "ಹೌದಮ್ಮ, ಹೇಳ್ತೀನಿ. ಎಲ್ಲರಿಗೂ ಹೇಳ್ತೀನಿ. ಆದ್ರೆ ನಿಂದು ಬೇಲಿ ಅಲ್ಲ, ಗೋಡೆ. ಮನಸ್ಸಿನದ್ದಲ್ಲ, ನರದ್ದು. ಅದಕ್ಕೂ ಇದಕ್ಕೂ ವ್ಯತ್ಯಾಸ ತಿಳ್ಕೊಬೇಕು. ಅದೂ ಒಂದು ಪ್ರಬುದ್ಧತೆ." ಅಷ್ಟು ಹೇಳಿ, ತಮ್ಮ ಮಾತು ತಮಗೇ ಹಿಡಿಸಿ, ಅದನ್ನು ಫೋನಿನಲ್ಲಿ ಬರೆದಿಟ್ಟುಕೊಂಡರು.

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಸಮಾಧಾನವಾಯಿತು ಅಂದರೆ ನಂಬುತ್ತೀರಾ? ಯಾರೋ ಬಾಗಿಲು ಹಾಕಿಕೊಟ್ಟರೆ ಹೊರಗೆ ಹೋಗುವ ಕಷ್ಟ ತಪ್ಪುತ್ತದೆ. ಗುರುವಾರ ಮೇಷ್ಟ್ರಿಗೆ ಆಗುವುದಿಲ್ಲ ಅಂತ ಹೇಳುವುದೆಂದು ನಿರ್ಧರಿಸಿ, ಪರೀಕ್ಷೆ ಬರೆಯಲು ಸೋಮವಾರ, ಮಂಗಳವಾರ ಲ್ಯಾಬಿಗೆ ರಜೆ ಹಾಕಿದೆ.

ಬುಧವಾರ ಬಂದು ನೋಡಿದರೆ ಲ್ಯಾಬಿನಲ್ಲಿ ಸೂತಕದ ಕಳೆ. ಕಿಟಕಿಗೆ ಹೊಸ ಗಾಜು ಕೂರಿಸುವವರು ಬಂದು ಕಿಟಕಿ ಮೇಜನ್ನೆಲ್ಲ ಹಾಳೆ ಹೊದಿಸಿ ಮುಚ್ಚಿದ್ದರು. ಕಿರಿಯರಿಬ್ಬರಿಗೆ ರಜೆ ಕೊಟ್ಟು, ಮೇಸ್ತ್ರಿಯನ್ನು ಮಾತ್ರ ನನ್ನ ಜಾಗದಲ್ಲಿ ಕೂರಿಸಿದ್ದರು. ಮೇಸ್ತ್ರಿ ಅಂದರೆ ಹಲ್ಲು ನಿಲ್ಲಿಸುವವರಲ್ಲಿ ಹಿರಿಯರು. ಕೈಯ ಬಗ್ಗೆ ಅವರಿಗಿರುವ ಗರ್ವ ಅಷ್ಟಿಷ್ಟಲ್ಲ. "ನನ್ನ ಕೈ ಅಂದ್ರೆ ಕೈ, ಉಳಿದವರದ್ದು ಸೌಟು" ಅನ್ನುವುದು ಅವರ ದಿನನಿತ್ಯದ ಮಾತು. ಆ ಮೇಸ್ತ್ರಿ ಈಗ ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದು, ಮುಖ ಬಿಳುಚಿಕೊಂಡು ಕೂತಿದ್ದರು. ಮುಂದೆ ಅರ್ಧ ಸೆಟ್ಟು. ಮುಂಬಲ್ಲು ಎರಡು ಜಗಳವಾಡಿದ ನೆಂಟರ ಹಾಗೆ ಬೇರೆಬೇರೆ ದಿಕ್ಕು ನೋಡುತ್ತಿದ್ದವು.

"ನಂಗೂ ಶುರುವಾಯ್ತಮ್ಮಾ," ಅಂದರು ನನ್ನನ್ನು ನೋಡಿ. ಧ್ವನಿ ಸಣ್ಣದಾಗಿತ್ತು. "ನಿನ್ನೆ ಬೆಳಿಗ್ಗೆಯಿಂದ. ಕಾಫಿ ಬಿಟ್ಟೆ. ರಕ್ತ ಪರೀಕ್ಷೆಗೂ ಕೊಟ್ಟು ಬಂದೆ."

ದವಡೆ ಸಾಹೇಬರು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಅವರ ಪತ್ತೇದಾರಿಕೆ ಮುಗಿದಿತ್ತು. "ಈ ಕುರ್ಚಿ ದರಿದ್ರದ್ದು. ಅವತ್ತಿಂದ ಹೇಳ್ತಾ ಇದೀನಿ." ಅವರು ಯಾವತ್ತೂ ಹೇಳಿರಲಿಲ್ಲ. "ಸುಣ್ಣಾ! ಬಾರೋ ಇಲ್ಲಿ. ಇದನ್ನ ಹಿತ್ತಲಿಗೆ ಬಿಸಾಕು."

ಪಕ್ಕದ ಪ್ಲಾಸ್ಟರ್ ಕೋಣೆಯಿಂದ ಸುಣ್ಣ ಬಂದ. ರೆಪ್ಪೆಯವರೆಗೂ ಬೆಳ್ಳಗಿರುವ ಐವತ್ತರ ಗಂಡಸು. ದಿನವಿಡೀ ಪ್ಲಾಸ್ಟರ್ ಸುರಿಯುವುದು ಅವನ ಕೆಲಸ. ಕುರ್ಚಿಯನ್ನು ಎತ್ತಿಕೊಂಡು ಹೋದ. ಮಾಲೀಕರು ತಮ್ಮ ಕೋಣೆಯಿಂದ ತಮ್ಮದೇ ಕುರ್ಚಿ ತರಿಸಿ ಹಾಕಿಸಿದರು. ಮೇಸ್ತ್ರಿ ಅದರಲ್ಲಿ ಕೂತು, ಕಣ್ಣು ಮುಚ್ಚಿ ತೆರೆದು, ಚಾಕು ಹಿಡಿದರು. ಸುಣ್ಣ ತನ್ನ ಕೆಲಸಕ್ಕೆ ವಾಪಸಾಗಿದ್ದ. ಚಾಕುವಿನ ತುದಿ ಕುಣಿಯಿತು.

"ಮೈಗೇ ಇಳಿದುಬಿಟ್ಟಿದೆ," ಅಂದರು ದವಡೆ ಸಾಹೇಬರು. ಆಮೇಲೆ ನಿಧಾನವಾಗಿ ನನ್ನ ಕಡೆ ತಿರುಗಿದರು. "ನಿನ್ನ ಚಾಕು ಅಲ್ವಾ ಅದು? ನಿನ್ನ ಅರ, ನಿನ್ನ ಬಟ್ಟಲು... ಅಂಟುತ್ತೋ ಏನೋ ಇದು."

ಮೇಸ್ತ್ರಿ ಚಾಕುವನ್ನು ಕೆಂಡ ಮುಟ್ಟಿದವರಂತೆ ಕೈಬಿಟ್ಟರು.

ಇಷ್ಟು ವರ್ಷ ಹುಟ್ಟಿನಿಂದ ಬಂದದ್ದಾಗಿದ್ದ ನನ್ನ ನಡುಕ ಈಗ ನೆಗಡಿಯಾಯಿತು. ನನಗೆ ನಗು ಬಂತು, ಮತ್ತೆ ಆ ನಗು ಅರ್ಧಕ್ಕೇ ನಿಂತಿತು. ಕುರ್ಚಿ ತೆಗೆದರು, ನಡುಕ ಹೋಗಲಿಲ್ಲ. ನನ್ನನ್ನು ತೆಗೆದರು, ಆಗಲೂ ಹೋಗಲಿಲ್ಲ. ನಾನು ಎರಡು ದಿನ ಅಲ್ಲಿ ಇರಲೇ ಇಲ್ಲ. ಒಂದೊಂದೇ ಬಿಚ್ಚು, ಒಂದೊಂದೇ ಹಾಕು. ಇನ್ನು ಉಳಿದದ್ದು ಏನು?

ಹಲಗೆಯ ಮೇಲೆ ನೀರಿನ ಬಟ್ಟಲಿತ್ತು, ಅರ ತೋಯಿಸಲು ಇಟ್ಟುಕೊಳ್ಳುವ ಬಟ್ಟಲು. ಅದರಲ್ಲಿ ಯಾವಾಗಲೂ ಸಣ್ಣ ಅಲೆ ಇರುತ್ತಿತ್ತು. ನಾನದನ್ನು ದಿನಾ ನೋಡುತ್ತಿದ್ದೆ. ನನ್ನ ಕೈ ಹಲಗೆಗೆ ತಾಗಿ, ನನ್ನ ನಡುಕ ನೀರಿಗೂ ಹೋಗುತ್ತಿದೆ ಅಂದುಕೊಂಡು, ಯಾರಿಗೂ ಕಾಣದಿರಲಿ ಎಂದು ಅದರ ಮೇಲೆ ಬಟ್ಟೆ ಮುಚ್ಚುತ್ತಿದ್ದೆ. ಈಗ ಬಟ್ಟೆ ತೆಗೆದೆ. ಹಲಗೆಗೆ ನಾನು ಕೈಯಿಟ್ಟಿರಲಿಲ್ಲ. ಮೇಸ್ತ್ರಿಯೂ ಇಟ್ಟಿರಲಿಲ್ಲ. ನೀರಿನಲ್ಲಿ ಅಲೆ ಇತ್ತು.

ಗೋಡೆ ಅಂದೆನಲ್ಲ, ಅದು ಇಟ್ಟಿಗೆಯದ್ದಲ್ಲ. ದೊಡ್ಡ ಕೋಣೆಯನ್ನು ಎಂದೋ ಪ್ಲೈವುಡ್ ಹಾಳೆಯಿಂದ ಎರಡು ಮಾಡಿದ್ದರು. ನಾನು ಬಗ್ಗಿ, ದೀಪ ಹಿಡಿದು, ಹಲಗೆಯ ಅಡಿ ನೋಡಿದೆ. ಹಲಗೆ ಗೋಡೆಯ ಹತ್ತಿರ ಮುಗಿದಿರಲಿಲ್ಲ. ಪ್ಲೈವುಡ್ಡಿಗೆ ಕಚ್ಚು ಹಾಕಿ, ಹಲಗೆಯನ್ನು ಇದ್ದ ಹಾಗೇ ಬಿಟ್ಟು, ಅದರ ಸುತ್ತ ಗೋಡೆ ಎಬ್ಬಿಸಿದ್ದರು. ಹಲಗೆಯ ಇನ್ನರ್ಧ ಆ ಕಡೆ, ಸುಣ್ಣನ ಕೋಣೆಯಲ್ಲಿತ್ತು. ಪ್ಲಾಸ್ಟರ್ ಸುರಿಯುವಾಗ ಗಾಳಿಗುಳ್ಳೆ ಎದ್ದು ಹೋಗಲೆಂದು ಅಚ್ಚನ್ನು ಅದುರಿಸುವ ಮಷೀನೊಂದಿದೆ. ಅದರ ಸದ್ದು ನಮಗೆ ಇಡೀ ದಿನ ಕೇಳುತ್ತದೆ. ಊಟಕ್ಕೆ ಮಾತ್ರ ನಿಲ್ಲುತ್ತದೆ.

ನಾನು ಪ್ಲೈವುಡ್ ತಟ್ಟಿದೆ. "ಅಣ್ಣಾ, ಮಷೀನು ಆಫ್ ಮಾಡಿ."

ಸದ್ದು ನಿಂತಿತು. ಬಟ್ಟಲಿನ ನೀರು ಕನ್ನಡಿಯಾಯಿತು.

"ಹಾಕಿ."

ಅಲೆ.

"ಆಫ್ ಮಾಡಿ."

ಕನ್ನಡಿ.

"ಏನಮ್ಮಾ, ಆಟ ಆಡ್ತಿದೀಯಾ? ಪ್ಲಾಸ್ಟರ್ ಗಟ್ಟಿಯಾಗುತ್ತೆ ಇಲ್ಲಿ," ಎಂದು ಸುಣ್ಣ ಆ ಕಡೆಯಿಂದ ಕೂಗಿದ. ನಾನು ಇನ್ನೂ ಒಂದೆರಡು ಸಲ ಹಾಕಿಸಿ ತೆಗೆಸಿದೆ. ಒಮ್ಮೆ ನೋಡಿದ್ದನ್ನು ನಂಬುವ ಧೈರ್ಯ ನನಗಿಲ್ಲ.

ಹೋಗಿ ನೋಡಿದರೆ, ಮಷೀನಿನ ಕೆಳಗಿನ ರಬ್ಬರು ಸವೆದು ಹೋಗಿತ್ತು. ಅದುರುತ್ತ ಜಾರಿ ಬೀಳಬಾರದೆಂದು ಯಾರೋ ಪುಣ್ಯಾತ್ಮರು ಅದನ್ನು ಎರಡು ಉದ್ದದ ತಿರುಪಿನಿಂದ ಹಲಗೆಗೇ ಬಿಗಿದಿದ್ದರು.

ಇದನ್ನು ತೋರಿಸಿದಾಗ ಎಲ್ಲರೂ ತಲೆಬಾಗಿದರು, ಕ್ಷಮೆ ಕೇಳಿದರು ಅಂತ ಬರೆಯಲು ನನಗೂ ಆಸೆಯಿದೆ. ದವಡೆ ಸಾಹೇಬರು ಹಲಗೆ ನೋಡಿದರು, ಗೋಡೆ ನೋಡಿದರು. "ಮಷೀನು ಇರೋದು ಆ ಕೋಣೇಲಿ, ನಡುಗೋದು ಈ ಕೋಣೇಲಿ. ಹೆಂಗಮ್ಮಾ ಸಾಧ್ಯ?" ಅಂದರು. ಸುಣ್ಣ ತಿರುಪು ಬಿಚ್ಚಿ, ಮಷೀನನ್ನು ನೆಲದ ಮೇಲೆ ಇಳಿಸಿ ಚಾಲೂ ಮಾಡಿದ. ಮೇಸ್ತ್ರಿ ಚಾಕು ಹಿಡಿದರು. ತುದಿ ಗೆರೆ ಎಳೆದಷ್ಟು ನೆಟ್ಟಗಿತ್ತು. ಅವರ ಕಣ್ಣಲ್ಲಿ ನೀರು ಬಂದದ್ದು ನಾನು ನೋಡಿದೆ. ಅದನ್ನು ಒರೆಸಿಕೊಂಡ ಮರುಗಳಿಗೆಯೇ ಅವರು, "ನಿನ್ನೆ ಒಂದು ಮಾತ್ರೆ ನುಂಗಿದ್ದೆ. ಈಗ ಹಿಡೀತು ನೋಡು," ಅಂದರು.

ನಾನು ಮಾಲೀಕರನ್ನು ಕೇಳಿದೆ. "ಸಾರ್, ಹಾಗಾದ್ರೆ ನಾನಿನ್ನು ಹಲ್ಲು ನಿಲ್ಲಿಸಬಹುದಾ?"

"ಕಿಟಕಿ ಹತ್ರ ಜಾಗ ಆಗ್ಲಿ, ನೋಡೋಣ. ಅಲ್ಲೀತನಕ ಉಜ್ಜು. ನಿನ್ನ ಹಾಗೆ ಉಜ್ಜೋರು ಸಿಗಲ್ಲಮ್ಮಾ."

ಇದು ಹೊಗಳಿಕೆ. ನಾನು ಮತ್ತೆ ತಲೆಯಾಡಿಸಿದೆ. ಕತ್ತಿಗೆ ಅದು ಅಭ್ಯಾಸವಾಗಿಹೋಗಿದೆ.

ಆ ಸಂಜೆ ನನಗಾದದ್ದು ಬಿಡುಗಡೆಯ ಸಂತೋಷವಲ್ಲ, ಅವಮಾನ. ನನ್ನ ಯೌವನವನ್ನು ಕಾಯಿಲೆ ತಿಂದಿದ್ದರೆ ಒಂದು ಘನತೆ ಇರುತ್ತಿತ್ತು. ಎರಡು ತಿರುಪು ತಿಂದಿದ್ದವು. ಅದೂ ಬಟ್ಟಲಿನ ನೀರು ದಿನಾ ಕಣ್ಣೆದುರು ಹೇಳುತ್ತಿದ್ದಾಗ, ನಾನೇ ಅದರ ಬಾಯಿಗೆ ಬಟ್ಟೆ ತುರುಕುತ್ತಿದ್ದೆ. ದವಡೆ ಸಾಹೇಬರು ಮಾಡಿದ್ದು ಒಂದು ದಿನದ ಮೂರ್ಖತನ. ಉಳಿದದ್ದನ್ನೆಲ್ಲ ಮಾಡಿದವಳು ನಾನು.

ಊಟಕ್ಕೆ ಕೂತಾಗ ಹೇಳಿದೆ. ಅಕ್ಕ ನನ್ನ ಕೈಗಳನ್ನೇ ನೋಡುತ್ತ ಕೂತಳು. ಭಾವ ಮಾತ್ರ ಅರಳಿಹೋದರು.

"ಅದ್ಭುತ! ನೋಡು, ನಾನು ಇದನ್ನೇ ಹೇಳೋದು. ಭಾನುವಾರ ಹೇಳ್ತೀನಿ ಇದನ್ನ. ಆದ್ರೆ ಹಲ್ಲು ಬೇಡಮ್ಮ, ಕೇಳೋಕೆ ಒಂಥರಾ. ಶಿಲ್ಪಿ ಅಂತ ಮಾಡ್ಕೊಳ್ತೀನಿ. ಶಿಲ್ಪಿಯ ಕೈ ನಡುಗುತ್ತೆ. ಒಬ್ಬ ಹಿತೈಷಿ ಬಂದು ಕಾರಣ ತೋರಿಸ್ತಾನೆ."

"ಹಿತೈಷಿ ಯಾರು ಭಾವ?"

"ಯಾರೋ ಒಬ್ಬ. ನಾನೇ ಅಂತ ಇಟ್ಕೋ. ಕಥೆಗೆ ಬೇಕಲ್ಲ."

"ಹಾಗಾದ್ರೆ ಶನಿವಾರ ಹೋಗ್ಲಾ?"

"ಎಲ್ಲಿಗೆ?"

"ಲಿಫ್ಟಿನ ಕಾರ್ಖಾನೆಗೆ."

ಭಾವ ಬಾಯಿಗೆ ಹಾಕಿಕೊಂಡ ತುತ್ತನ್ನು ಅಗಿದು ಮುಗಿಸಿದರು. "ಅದು ಬೇರೆ ವಿಷ್ಯ ಕಣಮ್ಮ. ಈಗ ಕೈ ಸರಿ ಇದೆ ಅಂತ ಗೊತ್ತಾಯ್ತಲ್ಲ, ಇಲ್ಲೇ ನೆಮ್ಮದಿಯಾಗಿ ಇರಬಹುದಲ್ವಾ?"

ಕೈ ಕೆಟ್ಟಿದ್ದರೂ ಇಲ್ಲೇ ಇರು, ಸರಿಯಿದ್ದರೂ ಇಲ್ಲೇ ಇರು. ನನಗೆ ಆಗ ಹೊಳೆಯಿತು: ಕೈಯ ವಿಷಯ ಯಾರಿಗೂ ಮುಖ್ಯವಾಗಿರಲೇ ಇಲ್ಲ. ಒಂದು ಕಾರಣ ಬೇಕಿತ್ತು, ಅದು ಕೈಗೆ ಸಿಕ್ಕಿತ್ತು, ಅಷ್ಟೇ. ನನ್ನನ್ನೂ ಸೇರಿಸಿ ಹೇಳುತ್ತಿದ್ದೇನೆ.

ಗುರುವಾರ ತರಗತಿಗೆ ಹೋಗಿ ಮೇಷ್ಟ್ರಿಗೆ "ಹೋಗ್ತೀನಿ ಸಾರ್" ಅಂದೆ.

"ನಡುಕ?"

"ಮಷೀನಿಂದ ಸಾರ್."

ಮೇಷ್ಟ್ರು ಯಾವ ಮಷೀನು ಅಂತ ಕೇಳಲಿಲ್ಲ. ವಿಳಾಸ ಹೇಳಿ, "ಗಟ್ಟಿ ಚಪ್ಪಲಿ ಹಾಕ್ಕೊಂಡು ಹೋಗು. ಇದು ನಡೆಯಲ್ಲ," ಎಂದು ನನ್ನ ಕಾಲು ತೋರಿಸಿದರು.

ಕಾರ್ಖಾನೆ ಅಂದರೆ ಉದ್ದದ ಶೆಡ್ಡು. ಸಾಲಾಗಿ ಕಬ್ಬಿಣದ ಮೇಜು, ಪ್ರತಿ ಮೇಜಿನ ಮೇಲೂ ಆಳೆತ್ತರದ ಪೆಟ್ಟಿಗೆ ಅಂಗಾತ ಮಲಗಿತ್ತು. ಪೆಟ್ಟಿಗೆಯ ಹೊಟ್ಟೆ ತುಂಬ ಬಣ್ಣದ ತಂತಿ. ಮೇಲ್ವಿಚಾರಕಿ ಕುಳ್ಳಗಿನ ಹೆಂಗಸು, ತಲೆಗೂದಲನ್ನು ಪೆನ್ನಿನಿಂದ ಗಂಟು ಹಾಕಿಕೊಂಡಿದ್ದರು. ಒಂದು ನಕ್ಷೆ ಕೊಟ್ಟು, ಪೆಟ್ಟಿಗೆಯ ಒಂದು ಭಾಗ ತೋರಿಸಿ, "ಇಷ್ಟು ಜೋಡಿಸು. ಗೊತ್ತಾಗದಿದ್ರೆ ಕೇಳು. ಗೊತ್ತಾದ ಹಾಗೆ ನಟಿಸ್ಬೇಡ," ಎಂದು ಹತ್ತಿರದಲ್ಲೇ ನಿಂತರು.

ನಾನು ಮೊದಲ ತಂತಿಯ ತುದಿ ಸುಲಿದು, ತೂತಿಗೆ ಹಿಡಿದೆ. ಕೈ ನಡುಗಿತು.

ತಕ್ಷಣ ಇನ್ನೊಂದು ಅಂಗೈಯನ್ನು ಮೇಜಿನ ಮೇಲೆ ಒತ್ತಿದೆ. ಕಬ್ಬಿಣ ತಣ್ಣಗೆ, ಅಲುಗದೆ ಇತ್ತು. ಬಗ್ಗಿ ಮೇಜಿನ ಕಾಲು ನೋಡಿದೆ, ನೆಲಕ್ಕೆ ಬಿಗಿದಿದ್ದರು. ಸುತ್ತ ಯಾವ ಮಷೀನೂ ಅದುರುತ್ತಿರಲಿಲ್ಲ. ಈ ಸಲ ನಡುಗುತ್ತಿದ್ದದ್ದು ನಾನೇ, ಅಪ್ಪಟ ನಾನು. ಬುಧವಾರ ಗೆದ್ದದ್ದನ್ನೆಲ್ಲ ಶನಿವಾರ ಬೆಳಿಗ್ಗೆ ಕಳೆದುಕೊಂಡೆ ಅನ್ನಿಸಿತು. ದವಡೆ ಸಾಹೇಬರು, ಭಾವ, ಅಕ್ಕ ಮೂವರೂ ಸಾಲಾಗಿ ನಿಂತು "ನೋಡಿದ್ಯಾ?" ಅಂದ ಹಾಗಾಯಿತು. ಅದರಲ್ಲಿ ಅಕ್ಕ ಒಬ್ಬಳೇ ಬೇಸರದಿಂದ ಅಂದಳು.

"ಏನು ಹುಡುಕ್ತಿದೀಯಾ ಮೇಜಿನ ಕೆಳಗೆ?"

ಸುಳ್ಳು ಹೇಳಲು ತಿಳಿಯಲಿಲ್ಲ. "ಕೈ ನಡುಗ್ತಾ ಇದೆ ಮೇಡಂ."

"ಕಾಣ್ತಾ ಇದೆ."

"ಭಯಕ್ಕೆ."

"ಮತ್ತೆ? ನಾನಿಲ್ಲಿ ಗೂಬೆ ಥರ ನೋಡ್ತಾ ನಿಂತಿದೀನಿ, ಭಯ ಆಗ್ದೆ ಇರುತ್ತಾ? ತಂತಿ ಒಳಗೆ ಹೋಯ್ತಾ?"

ನೋಡಿದೆ. ಹೋಗಿತ್ತು. ಕೈ ನಡುಗುತ್ತಿರುವಾಗಲೇ, ನಾನು ಮೇಜಿನ ಕಾಲು ತನಿಖೆ ಮಾಡುವ ಮೊದಲೇ, ಹೋಗಿತ್ತು.

"ತಿರುಪು ಬಿಗಿ. ಎಳೆದು ನೋಡು. ಬಂತಾ?"

"ಇಲ್ಲ."

"ಇನ್ನೇನು? ಮುಂದಿನದು ಹಾಕು. ನಡುಗೋದಾದ್ರೆ ನಡುಗ್ಲಿ, ಅದನ್ನ ಇಲ್ಲಿ ಯಾರೂ ಅಳೆಯಲ್ಲ."

ಅವರು ಬೇರೆ ಮೇಜಿಗೆ ಹೋದರು. ನಾನು ಮುಂದಿನದನ್ನು ಹಾಕಿದೆ. ನಡುಗುತ್ತಲೇ ಹಾಕಿದೆ. ಆಮೇಲಾಮೇಲೆ ನಕ್ಷೆ ಓದುವುದರಲ್ಲಿ ಕೈಯನ್ನು ಮರೆತೆ. ಯಾವಾಗ ನಿಂತಿತೋ ಗೊತ್ತಿಲ್ಲ, ನಿಂತಿತೋ ಇಲ್ಲವೋ ಅದೂ ಖಚಿತವಿಲ್ಲ. ಸಂಜೆ ಮೇಲ್ವಿಚಾರಕಿ ಬಂದು ಕರೆಂಟು ಕೊಟ್ಟು, ಗುಂಡಿ ಒತ್ತಿದರು. ಒಂದನೇ ಮಹಡಿಯ ದೀಪ ಹತ್ತಿತು, ಎರಡನೆಯದು ಹತ್ತಿತು. ಮೂರು ಒತ್ತಿದರೆ ನಾಲ್ಕು ಹತ್ತಿತು.

"ಮೂರನೇ ಮಹಡಿಯವರು ನಿನ್ನನ್ನ ಹರಸ್ತಾರೆ," ಅಂದರು.

ಎರಡು ತಂತಿ ಅದಲುಬದಲಾಗಿತ್ತು. ಹುಡುಕಿ, ಬಿಚ್ಚಿ, ಸರಿಮಾಡಿದೆ. ಅವರು ಮತ್ತೊಮ್ಮೆ ಒತ್ತಿ ನೋಡಿದರು, ತಂತಿಗಳನ್ನು ಎಳೆದೆಳೆದು ನೋಡಿದರು, ತಲೆಯಿಂದ ಪೆನ್ನು ಕಿತ್ತು ಏನೋ ಗೀಚಿಕೊಂಡರು. "ಯಾವಾಗಿಂದ ಬರ್ತೀಯಾ?"

"ಅಲ್ಲಿ ಹೇಳಿ ಬರ್ಬೇಕು ಮೇಡಂ. ಬೇರೆಯವರು ಸಿಗೋತನಕ..."

"ಸಿಗೋತನಕ ಅಂದ್ರೆ ಸಿಗಲ್ಲ. ಮುಂದಿನ ತಿಂಗಳು ಒಂದನೇ ತಾರೀಕು ಬಾ."

ಸೋಮವಾರ ದವಡೆ ಸಾಹೇಬರ ಕೋಣೆಗೆ ಹೋಗಿ ಹೇಳಿದೆ. ಅವರು ಮೊದಲು ನಕ್ಕರು. ಆಮೇಲೆ ಕಿಟಕಿ ಹತ್ತಿರ ಜಾಗ ಮಾಡಿಸುತ್ತೇನೆ ಅಂದರು. ಬುಧವಾರ ಇಲ್ಲದ ಜಾಗ ಸೋಮವಾರ ಹೇಗೋ ಹುಟ್ಟಿತ್ತು. ನಾನು ಬೇಡ ಸಾರ್ ಅಂದೆ. ಕೊನೆಗೆ ಅವರ ಮುಖದಲ್ಲಿ ಆ ಹಳೆಯ ಕನಿಕರ ಮೂಡಿತು.

"ಅಲ್ಲಮ್ಮಾ, ಕರೆಂಟಿನ ಕೆಲ್ಸ. ನಾಳೆ ಅಲ್ಲಿ ಹೋಗಿ ಕೈ ನಡುಗಿದ್ರೆ ಏನ್ ಮಾಡ್ತೀಯಾ?"

"ನಡುಗಿತು ಸಾರ್. ಅವರೂ ನೋಡಿದ್ರು. ಬಾ ಅಂದ್ರು."

ಅವರು ಇನ್ನೇನೋ ಹೇಳಲು ಬಾಯಿ ತೆರೆದರು. ಮೇಲಿನ ಸಾಲಿನ ಎಡಗಡೆಯ ಹಲ್ಲುಗಳು ಕಂಡವು. ಅವು ಅವರ ಸ್ವಂತ ಹಲ್ಲಲ್ಲ. ಮೇಸ್ತ್ರಿ ನಿಲ್ಲಿಸಿದ್ದು, ನಾನು ಉಜ್ಜಿದ್ದು. ಒಸಡಿನ ಅಂಚು ಎಲ್ಲಿ ಮುಗಿದು ಹಲ್ಲು ಎಲ್ಲಿ ಶುರುವಾಗುತ್ತದೆಂದು ತಿಳಿಯದಷ್ಟು ನಯವಾಗಿತ್ತು. ಕೆಲಸ ಚೆನ್ನಾಗಿತ್ತು. ನಾನು ಬಾಗಿಲು ಎಳೆದುಕೊಂಡು ಬಂದು, ಆ ದಿನ ಉಜ್ಜಬೇಕಾದದ್ದನ್ನು ಉಜ್ಜಲು ಕೂತೆ.